ಬೆರಳಿಗೂ ಪರದೆಗೂ ನಡುವೆ ಇದ್ದವರು

ಮಾನ್ಯ ಓದುಗರಲ್ಲಿ,

ವಿಷಯ: ನಮ್ಮ ಪಕ್ಕದ ಅಂಗಡಿಯಲ್ಲಿ ವಿಡಿಯೋ ಗೇಮ್ ಆಡಿಸುತ್ತಿದ್ದ, ಈಗ ನಮ್ಮೊಂದಿಗಿಲ್ಲದ ಒಬ್ಬರನ್ನು ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆಯುವ ಮುನ್ನ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ದುಂಡಗಿಲ್ಲ. ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಇಳಿಯುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ವ್ಯತ್ಯಾಸವಾಗಿದ್ದರೂ ಆಗಿರಬಹುದು. ಬೇರೆಯವರ ಕಾಗದಗಳನ್ನು ಟೈಪ್ ಮಾಡಿಯೇ ಅರ್ಧ ಆಯುಷ್ಯ ಕಳೆದವಳಾದ್ದರಿಂದ ಪೆನ್ನು ಹಿಡಿಯುವ ರೂಢಿ ತಪ್ಪಿಹೋಗಿದೆ. ಇದನ್ನೂ ಟೈಪ್ ಮಾಡಬಹುದಿತ್ತು. ಎರಡು ಸಲ ಮಷಿನ್ ಮುಂದೆ ಕುಳಿತೆ. ಬೆರಳು ಏಳಲಿಲ್ಲ. ಆದುದರಿಂದ ಕೈಯಲ್ಲಿಯೇ ಬರೆಯುತ್ತಿದ್ದೇನೆ. ಒಬ್ಬ ಮನುಷ್ಯನ ಬಗ್ಗೆ ಬರೆಯುವುದು ನನಗೆ ಇದೇ ಮೊದಲು. ಅರ್ಜಿ, ಮನವಿ, ದೃಢೀಕರಣಗಳ ಭಾಷೆ ಬಿಟ್ಟರೆ ಬೇರೆ ಭಾಷೆ ನನಗೆ ಬಾರದೆಂಬುದನ್ನು ತಾವು ಸಹಿಸಿಕೊಳ್ಳಬೇಕು.

ನಾನು ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಮತ್ತು ಕನ್ನಡ ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವವಳು. ನನ್ನ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಒಂದು ಕಾಗದದಲ್ಲಿ ಸೇರಿ ಆದ ಅನ್ಯಾಯವೇ ಸಾಕು. ಇನ್ನು ಮುಂದೆ ಅವರನ್ನು ‘ಸದರಿಯವರು’ ಎಂದು ಕರೆಯಲು ಅನುಮತಿ ಬೇಡುತ್ತೇನೆ.

ಸದರಿಯವರಿಗೆ ಐವತ್ತರ ಹತ್ತಿರದ ವಯಸ್ಸು. ಸಣಕಲು ದೇಹ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಬಲಗೈ ಹೆಬ್ಬೆರಳಿನ ಉಗುರು ಮಾತ್ರ ತೀರಾ ಒಳಗೆ ಕತ್ತರಿಸಿರುತ್ತಿತ್ತು. ಉಗುರು ಗುಂಡಿಗೆ ಮೊದಲು ತಾಗಿದರೆ ಲೆಕ್ಕ ತಪ್ಪುತ್ತದೆ ಎನ್ನುತ್ತಿದ್ದರು. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದ ಕೂಡಲೇ ಒಂದೇ ಒಂದು ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಗೋಡೆಯ ಈಚೆ ಕುಳಿತ ನಾನು ಆ ಚಪ್ಪಾಳೆ ಕೇಳಿಯೇ ಕಂಪ್ಯೂಟರ್ ಹಚ್ಚುತ್ತಿದ್ದೆ. ಏನು ಕೇಳಿಸಿಕೊಳ್ಳುತ್ತೀರಿ ಎಂದು ಒಮ್ಮೆ ವಿಚಾರಿಸಿದ್ದಕ್ಕೆ, “ಗ್ವಾಡಿ ಎಷ್ಟು ತಡ ಮಾಡಿ ವಾಪಸ್ ಕೊಡ್ತೈತಿ ನೋಡ್ತೀನ್ರಿ” ಎಂದಿದ್ದರು.

ಅವರ ಅಂಗಡಿಗೆ ಬರುತ್ತಿದ್ದವರು ಹೆಚ್ಚಾಗಿ ದೊಡ್ಡವರೇ. ತೋರಣಗಲ್ಲಿನಲ್ಲಿ ಮೊದಲ ಪಾಳಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುವ ಗುತ್ತಿಗೆ ಕೆಲಸಗಾರರು, ಕೊರಳಿನ ಗುರುತಿನ ಚೀಟಿಯನ್ನೂ ತೆಗೆಯದೆ, ನೇರವಾಗಿ ಬಂದು ಫುಟ್‌ಬಾಲ್ ಆಟಕ್ಕೆ ಕೂರುತ್ತಿದ್ದರು. ಅವರ ಜಗಳ ಗೋಡೆ ದಾಟಿ ನನಗೆ ಕೇಳಿಸುತ್ತಿತ್ತು.

“ಏನ್ಲೇ ಇದು, ನಾ ಒದ್ದು ಆತು, ಅವ ಇನ್ನಾ ಒದಿಲ್ಯೋ ಬ್ಯಾಡೋ ಅಂತ ವಿಚಾರ ಮಾಡಾಕತ್ಯಾನ!”

“ಸೋತ್ರ ಟಿವಿಗೆ ಯಾಕ ಬೈತಿಲೇ? ನಿನ್ನ ಕೈ ನಮ್ಮ ಕ್ಯಾಂಟೀನ್ ಸಾಂಬಾರಿದ್ದಂಗ, ಬರೂದು ಯಾವಾಗೂ ಲೇಟು.”

ಇಂಥ ಮಾತು ಕಿವಿಗೆ ಬಿದ್ದರೆ ಸದರಿಯವರು ನಗುತ್ತಿರಲಿಲ್ಲ. ಕುರ್ಚಿಯಿಂದ ಎದ್ದು ಬರುತ್ತಿದ್ದರು. “ಇರ್ರಿ. ಆಟ ನಿಲ್ಲಸ್ರಿ. ಅವನ ಕೈಗೆ ಏನೂ ಅನಬ್ಯಾಡ್ರಿ. ಮೊದಲ ಅಳಿಯೋಣು, ಆಮ್ಯಾಲೆ ಬೈಯೋಣು.”

ಅಳೆಯುವ ಕ್ರಮವನ್ನು ಇಲ್ಲಿ ದಾಖಲಿಸುತ್ತೇನೆ. ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೆಗೆಯುವ ಮೊಬೈಲ್ ಅವರ ಬಳಿ ಇತ್ತು. ಆಡುವವನ ಹೆಬ್ಬೆರಳೂ ಟಿವಿಯೂ ಒಟ್ಟಿಗೆ ಕಾಣುವಂತೆ ಅದನ್ನು ನಿಲ್ಲಿಸಿ, ಗುಂಡಿ ಒತ್ತಲು ಹೇಳುತ್ತಿದ್ದರು. ಬಳಿಕ ಆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸುತ್ತ, ಬೆರಳು ಒತ್ತಿದ ಚಿತ್ರದಿಂದ ಹಿಡಿದು ಟಿವಿಯಲ್ಲಿ ಆಟಗಾರ ಕಾಲೆತ್ತಿದ ಚಿತ್ರದವರೆಗೆ ಎಣಿಸಿ, ತೊಡೆಯ ಮೇಲಿನ ಪಾಟಿಯಲ್ಲಿ ಬಳಪದಿಂದ ಗೆರೆ ಎಳೆಯುತ್ತಿದ್ದರು. ಶಾಲೆಯ ಮಕ್ಕಳು ಹಿಡಿಯುವ ಅದೇ ಕಪ್ಪು ಪಾಟಿ. ಅಂಗಡಿ ತೆರೆದ ಮೊದಲ ವಾರ ನಲವತ್ತು ಗೆರೆ ಬಂದಿತ್ತು. ಅದನ್ನು ಇಳಿಸುವುದೇ ಅವರ ದಿನದ ಕೆಲಸವಾಯಿತು.

“ಬೆರಳಿಂದ ಕಣ್ಣಿಗೆ ಬರೂದ್ರಾಗ ಐದು ಸ್ಟೇಷನ್ ಅದಾವ್ರಿ” ಎಂದು ಕೆಲಸಗಾರರಿಗೆ ಬಿಡಿಸಿ ಹೇಳುತ್ತಿದ್ದರು. “ಕೈಯಾಗಿನ ಗುಂಡಿ ಒಂದು, ಅದರಿಂದ ಸುದ್ದಿ ಹೋಗೋ ಹಾದಿ ಒಂದು, ಆಟದ ಪೆಟ್ಟಿಗಿ ಒಂದು, ಟಿವಿ ಒಂದು, ಕಡೀಕ ನಮ್ಮ ಕಣ್ಣು. ಗೂಡ್ಸ್ ಗಾಡಿ ಸಲುವಾಗಿ ಪ್ಯಾಸೆಂಜರ್ ನಿಲ್ಲಸ್ತಾರಲ್ಲ, ಹಂಗ ಒಂದೊಂದ್ರಾಗೂ ಚೂರು ಚೂರು ನಿಂತು ಬರ್ತೈತಿ.”

ಟಿವಿಯೇ ದೊಡ್ಡ ಕಳ್ಳ ಎಂಬುದು ಅವರ ವಾದ. ಟಿವಿಯವರು ಚಿತ್ರ ಚೆಂದ ಕಾಣಲೆಂದು ಅದನ್ನು ಒಳಗೆ ತಡೆದು ನಿಲ್ಲಿಸಿ, ನಯ ಮಾಡಿ, ಬಣ್ಣ ತಿದ್ದಿ ಹೊರಗೆ ಬಿಡುತ್ತಾರಂತೆ. “ಮದುಮಗಳಿಗೆ ಪೌಡರ್ ಹಚ್ಚಕೋಂತ ಕುಂತ್ರ ಮುಹೂರ್ತ ನಿಲ್ತೈತೇನ್ರಿ? ಪೌಡರ್ ಬ್ಯಾಡ, ಇದ್ದ ಮಾರೀಲೇ ಬಾ ಅನ್ನಬೇಕು.” ಹಾಗೆಂದು ಟಿವಿಯ ಆ ಎಲ್ಲ ಅಲಂಕಾರ ತೆಗೆದು ‘ಗೇಮ್ ಮೋಡ್’ ಎಂಬುದಕ್ಕೆ ಹಾಕಿದ ದಿನ ಹತ್ತು ಹನ್ನೆರಡು ಗೆರೆ ಒಮ್ಮೆಲೇ ಕಡಿಮೆಯಾದವು. ವೈರಿಲ್ಲದ ರಿಮೋಟುಗಳನ್ನು ತೆಗೆದು ವೈರಿನವನ್ನು ತಂದರು. ಚಿತ್ರ ನಡುವೆ ಹರಿದಂತೆ ಕಾಣಬಾರದೆಂದು ಆಟವೇ ಒಂದು ಕ್ಷಣ ಕಾಯುತ್ತದಂತೆ, ಅದನ್ನೂ ಬಿಡಿಸಿದರು. “ಹರಿದ್ರ ಹರೀಲಿ, ಜಲ್ದಿ ಬರ್ಲಿ.” ಮಾಮೂಲು ಟಿವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತದೆ, ಅದು ಬಸ್ಸಿನ ಹಾಗೆ, ಒಂದು ತಪ್ಪಿದರೆ ಮುಂದಿನದಕ್ಕೆ ನಿಲ್ಲಬೇಕು ಎಂದು ಹೇಳಿ, ಬಸ್ಸು ಹೆಚ್ಚಿರುವ ಒಂದು ಮಾನಿಟರನ್ನೂ ಕೂರಿಸಿದರು. ಪಾಟಿಯ ಗೆರೆಗಳು ಹದಿನಾಲ್ಕಕ್ಕೆ ಇಳಿದವು. ಬಳಿಕ ಒಂಬತ್ತಕ್ಕೆ. ಸದರಿಯವರ ಅಂಗಡಿಯಲ್ಲಿ ಆಡಿದರೆ ಕೈಯೇ ಪರದೆಯೊಳಗೆ ಹೋದಂತಾಗುತ್ತದೆ ಎಂಬ ಸುದ್ದಿ ಹರಡಿ, ಕಂಪ್ಲಿ, ಸಂಡೂರುಗಳಿಂದಲೂ ಆಡುವವರು ಬರತೊಡಗಿದರು.

ಅವರು ಮಾತ್ರ ಸಂತೋಷಪಟ್ಟಿದ್ದನ್ನು ನಾನು ನೋಡಲಿಲ್ಲ. ಗೆರೆ ಕಡಿಮೆಯಾದಷ್ಟೂ ಮುಖ ಬಿಗಿಯುತ್ತಿತ್ತು. ಯಾರೂ ಇಲ್ಲದ ಹೊತ್ತಿನಲ್ಲಿ ತಾವೇ ಕುಳಿತು, ಪರದೆಯಲ್ಲಿ ಒಂದು ಬಿಳಿ ಚೌಕ ಮೂಡಿದ ಕೂಡಲೇ ಗುಂಡಿ ಒತ್ತುವ ಆಟವೊಂದನ್ನು ಆಡುತ್ತಿದ್ದರು. ಅದರಲ್ಲಿ ಗೋಲಿಲ್ಲ, ಗೆಲುವಿಲ್ಲ. ಚೌಕ, ಗುಂಡಿ. ಚೌಕ, ಗುಂಡಿ. ಮಧ್ಯಾಹ್ನದ ಬಿಸಿಲಿಗೆ ಬೀದಿ ಮೌನವಾಗಿದ್ದಾಗ ಗೋಡೆಯ ಆಚೆಯಿಂದ ಆ ಟಕ್, ಟಕ್ ಶಬ್ದ ಬರುತ್ತಿದ್ದರೆ ನನ್ನ ಟೈಪಿಂಗ್ ತಾನಾಗಿ ಅದರ ಲಯಕ್ಕೆ ಬೀಳುತ್ತಿತ್ತು. ಬೇಕೆಂದರೂ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಇದೇ ಅವಧಿಯಲ್ಲಿ ಅವರಿಗೆ ಇನ್ನೊಂದು ರೂಢಿ ಬಂತು. ನಾವು ಕೇಳುವ ಮೊದಲೇ ಉತ್ತರಿಸುವುದು. “ಇಲ್ಲಿ ಸ್ಟೇಪ್ಲರ್—” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ “ಪಿನ್ನು ಖಾಲಿ ಆಗ್ಯಾವ್ರಿ” ಎನ್ನುತ್ತಿದ್ದರು. ಆರಂಭದಲ್ಲಿ ನಕ್ಕೆವು. ಆಮೇಲೆ, ಬಾಯಿ ತೆರೆಯುವ ಮೊದಲೇ ಹೇಳತೊಡಗಿದರು. ಒಬ್ಬ ಕೆಲಸಗಾರ ಬಾಗಿಲಲ್ಲಿ ಕಾಣಿಸಿಕೊಂಡಿದ್ದನಷ್ಟೇ, “ನಿಮ್ಮ ದೋಸ್ತ್ ಇವತ್ತು ಬಂದಿಲ್ಲ, ಎರಡನೇ ಪಾಳಿಗೆ ಹೋದ” ಎಂದರು. ಅವನು ಅಲ್ಲಿಯೇ ಹೊಸ್ತಿಲಲ್ಲಿ ನಿಂತು, “ಯಕ್ಕ, ಇವರ ಹತ್ರ ಮನಸಿನ್ಯಾಗ ಬೈಯಾಕೂ ಬರಂಗಿಲ್ಲ ನೋಡ್ರಿ” ಎಂದು ನನ್ನ ಕಡೆ ನೋಡಿ ನಕ್ಕ. ಆದರೆ ಒಳಗೆ ಹೋಗದೆ ಹಿಂತಿರುಗಿದ.

ಹಂಪಿಯ ಪ್ರಸಂಗವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಸೋಮವಾರ ತಾಯಿಯವರನ್ನು ಹಂಪಿಗೆ ದೇವರ ದರ್ಶನಕ್ಕೆ ಕರೆದೊಯ್ದಿದ್ದೆ. ಹೊಳೆಯ ಮೆಟ್ಟಿಲಿಗೆ ಇಳಿದಾಗ ಸದರಿಯವರು ಒಬ್ಬರೇ ಕುಳಿತಿದ್ದರು. ಬುಕ್ಕಸಾಗರದಲ್ಲಿ ಅವರ ಹೆಂಡತಿಯ ತವರು. ಅಲ್ಲಿಗೆ ಹೋಗಿ ಬರುವಾಗ ಇಳಿದದ್ದಂತೆ. ಆಚೆ ದಡದಲ್ಲಿ ಒಬ್ಬಾಕೆ ಬಂಡೆಗೆ ಬಟ್ಟೆ ಒಗೆಯುತ್ತಿದ್ದಳು. ಆಕೆ ಬಟ್ಟೆಯನ್ನು ಬಡಿದದ್ದು ಕಂಡಾಗ ಇವರ ಹೆಬ್ಬೆರಳು ಒಮ್ಮೆ ಆಡುತ್ತಿತ್ತು, ಸದ್ದು ನಮ್ಮ ಕಿವಿಗೆ ಬಂದಾಗ ಇನ್ನೊಮ್ಮೆ.

“ನೋಡ್ರಿ ಅಕ್ಕಾರ. ಆಕಿ ಬಡದದ್ದು ಆಗಿಹೋಗೈತಿ. ಸಪ್ಪಳ ಇನ್ನಾ ಹೊಳಿ ದಾಟಾಕತ್ತೈತಿ. ನಾವು ಈಗ ಕೇಳಿದ್ದು ಹಳೇದು.”

“ಅದು ಎಲ್ಲಾ ಕಡೆ ಹಂಗ ಇರ್ತೈತಲ್ರಿ” ಎಂದೆ.

“ಎಲ್ಲಾ ಕಡೆ ಹಂಗ. ಕಡಿಮಿ ಮಾಡಬಹುದು. ಇಲ್ಲ ಅನ್ನಸಾಕ ಆಗಂಗಿಲ್ಲ.” ಆಚೆ ದಡದ ಹೆಂಗಸು ಬಟ್ಟೆ ಹಿಂಡಿ, ಬುಟ್ಟಿ ಹೊತ್ತು, ಬೆನ್ನು ತಿರುಗಿಸಿದಳು. ಆಮೇಲೆ ಒಂದು ಬಡಿತದ ಸದ್ದು ಬಂತು. ಬಂಡೆಗಳ ನಡುವೆ ಸುತ್ತಿ ಬಂದ ಪ್ರತಿಧ್ವನಿ ಇರಬೇಕು. ಸದರಿಯವರು ನನ್ನ ತಾಯಿಗೆ ಕೈಮುಗಿಯುವುದನ್ನೂ ಮರೆತು ಎದ್ದು ಹೋದರು.

ಇದಕ್ಕೆ ಕಾರಣ ನನಗೆ ತಿಳಿದದ್ದು, ಅವರು ಲ್ಯಾಮಿನೇಷನ್ ಮಾಡಿಸಲು ಒಂದು ಕಾಗದ ತಂದ ದಿನ. ನಾಲ್ಕು ಮಡಿಕೆಯ ಕಾಗದ, ಮಡಿಕೆಗಳಲ್ಲಿ ಹರಿದಿತ್ತು. ಬಿಡಿಸಿದೆ. ಸಂಡೂರು ದಾರಿಯಲ್ಲಿ ಹಿಂದೆ ಅದಿರನ್ನು ವ್ಯಾಗನ್ನಿಗೆ ತುಂಬುವ ಯಾರ್ಡ್ ನಡೆಸುತ್ತಿದ್ದ, ಈಗ ಮುಚ್ಚಿಹೋಗಿರುವ ಒಂದು ಗುತ್ತಿಗೆ ಸಂಸ್ಥೆಯ ವಿಚಾರಣಾ ವರದಿ. ಕಾಗದದ ತಲೆಬರಹ ನನಗೆ ಪರಿಚಿತವಾಗಿತ್ತು. ಏಕೆಂದರೆ ಸದರಿ ಸಂಸ್ಥೆಯ ಹೊಸಪೇಟೆ ಆಫೀಸಿನಲ್ಲಿ ನಾನು ಐದು ವರ್ಷ ಟೈಪಿಸ್ಟ್ ಆಗಿದ್ದೆ. ಯಾರ್ಡಿನ ಚಾಲಕರನ್ನು ನಾನು ಕಂಡವಳಲ್ಲ. ಅವರ ಹೆಸರುಗಳು ಮಾತ್ರ ನನ್ನ ಬೆರಳುಗಳಡಿ ಹಾದುಹೋಗುತ್ತಿದ್ದವು.

ಲ್ಯಾಮಿನೇಷನ್ ಯಂತ್ರ ಬಿಸಿಯಾಗುವವರೆಗೆ ಅವರು ಎದುರಿನ ಸ್ಟೂಲಿನಲ್ಲಿ ಕುಳಿತು ಹೇಳಿದರು.

“ಅಲ್ಲಿ ಅದಿರು ತುಂಬೋ ಮಶೀನಿಗೆ ನಾನೇ ಚಾಲಕ. ಮಶೀನ್ ಒಂದು ಕಡೆ, ನಾ ಕ್ಯಾಬಿನ್ನಿನ್ಯಾಗ ಒಂದು ಕಡೆ. ಕ್ಯಾಮರಾ ಹಚ್ಚಿದ್ರು. ಪರದಿ ನೋಡಕೋಂತ ಗುಂಡಿ ಒತ್ತೂದು. ಕೆಳಗ ಬಾವುಟ ತೋರಸಾಕ ಕಂಪ್ಲಿಯವ ಒಬ್ಬವ ಇದ್ದ. ಭಾಳ ಒಳ್ಳೇವ. ಅವತ್ತು ಅವ ಆಚೀಗೆ ಸರದು ನಿಂತ, ನಾ ಮಶೀನ್ ಚಾಲೂ ಮಾಡಿದೆ. ಒಮ್ಮಿಗೇ ಹೊರಗ ಮಂದಿ ಚೀರಿದ್ದು ಕೇಳಿಸ್ತು. ಪರದಿ ನೋಡಿದೆ. ಪರದ್ಯಾಗ ಅವ ಇನ್ನಾ ಆಚೀಗೇ ನಿಂತಿದ್ದ ಅಕ್ಕಾರ. ಟವೆಲ್ಲಿಲೆ ಮಾರಿ ಒರಸಕೋಳ್ಳಾಕತ್ತಿದ್ದ. ಆಮ್ಯಾಲೆ ಟವೆಲ್ ಹೆಗಲಿಗೆ ಹಾಕ್ಕೊಂಡು, ಮಶೀನಿನ್ಯಾಗ ಸಿಕ್ಕೊಂಡಿದ್ದ ಕಲ್ಲು ತಗ್ಯಾಕ ಮುಂದ ನಡದ. ಆಗ ನಿಲ್ಲಸೋ ಗುಂಡಿ ಒತ್ತಿದೆ.” ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. “ಸತ್ತವನ್ನ ಉಳಸಾಕ ಒತ್ತಿದೆ.”

ನಾನು ಕಾಗದದ ಹರಿದ ಮಡಿಕೆಗಳನ್ನು ಬೆರಳಿನಿಂದ ಜೋಡಿಸಿದೆ.

“ನಂದು ಒಂದೇ ಪ್ರಶ್ನಿ. ತಡ ಆಗಿದ್ದು ಪರದಿದೋ, ನನ್ನ ಬೆರಳಿಂದೋ? ಕಂಡಕೂಡ್ಲೆ ಒತ್ತಿದ್ನೋ, ಇಲ್ಲಾ ಕಂಡು, ಒಂದು ಉಸುರು ಬಿಟ್ಟು ಒತ್ತಿದ್ನೋ? ನನಗ ನೆಪ್ಪಿಲ್ಲ. ಕೆಲಸ ಹೋದ ಮ್ಯಾಲೆ ಕಂಪ್ಲಿಯಾಗ ಬೀಗರ ಮನ್ಯಾಗ ಹುಡುಗ್ರು ಟಿವಿ ಆಟ ಆಡೂದು ನೋಡಿದೆ. ಒತ್ತಿದ್ರು, ಗೊಂಬಿ ಜಿಗೀತು. ನಡುವ ಒಂದೀಟು ತಡ. ನನಗ ಮೈ ಜುಮ್ಮಂತು. ಅದೇ ತಡ ರೀ ಅದು. ಅದನ್ನ ಹಿಡಿದು ಅಳೀಬಹುದು ಅಂತ ಅವತ್ತು ಗೊತ್ತಾತು. ಅದಕ್ಕ ಈ ಅಂಗಡಿ.”

ಆಮೇಲೆ ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅವರಿಗೆ ಅದು ಬಾಯಿಪಾಠವಾಗಿತ್ತು. “ಚಾಲಕನ ವಿಳಂಬದಿಂದ ಸದರಿ ಅವಘಡ ಸಂಭವಿಸಿರುತ್ತದೆ. ಕ್ಯಾಮರಾ ವ್ಯವಸ್ಥೆಯನ್ನು ಕೂಡಲೇ ಪರಿಶೀಲಿಸತಕ್ಕದ್ದು.”

ಓದುಗರಲ್ಲಿ ಇಲ್ಲಿ ಒಂದು ವಿಷಯವನ್ನು ನಿವೇದಿಸಿಕೊಳ್ಳಬೇಕಾಗಿದೆ. ಆ ವರದಿಯ ಕರಡನ್ನು ಬರೆದವರು ನಮ್ಮ ಮ್ಯಾನೇಜರು. ಅವರ ಮನೆಮಾತು ತೆಲುಗು. ಕನ್ನಡವನ್ನು ಕಷ್ಟಪಟ್ಟು ಬರೆಯುತ್ತಿದ್ದರು, ದೀರ್ಘ ಬಿಡುತ್ತಿದ್ದರು, ಅಕ್ಷರ ನುಂಗುತ್ತಿದ್ದರು. “ನೀವು ಸರಿ ಮಾಡ್ಕೋರಿ ಅಮ್ಮಾ, ನಾ ಸೈನ್ ಹಾಕ್ತೀನಿ” ಎನ್ನುವುದು ಅವರ ರೂಢಿ. ಸರಿ ಮಾಡುವುದು ನನ್ನ ಹೆಮ್ಮೆಯಾಗಿತ್ತು. ಆ ಕರಡಿನ ಸಾಲು ನನಗೆ ಆ ಕ್ಷಣ ಕಣ್ಣಿಗೆ ಕಟ್ಟಿತು. ಅವರು ಬರೆದದ್ದು ‘ಚಾಲನ ವಿಳಂಬದಿಂದ’ ಎಂದು. ‘ಚಾಲನಾ’ ಎಂಬುದರ ದೀರ್ಘ ಬಿಟ್ಟಿದ್ದರು, ಅಷ್ಟೇ. ಯಂತ್ರ ನಡೆಸುವ ವ್ಯವಸ್ಥೆಯಲ್ಲಿ ತಡ, ಆದ್ದರಿಂದ ಕ್ಯಾಮರಾ ಪರಿಶೀಲಿಸಿ ಎಂಬುದು ಅವರ ಅರ್ಥ. ನಾನು ಅವರು ‘ಕ’ ಬಿಟ್ಟಿದ್ದಾರೆಂದು ಭಾವಿಸಿದೆ. ಕೇಳಲಿಲ್ಲ. ಒಂದು ‘ಕ’ ಸೇರಿಸಿದೆ. ಅವರು ಓದದೆ ಸಹಿ ಹಾಕಿದರು. ಎರಡು ಸಾಲುಗಳಿಗೂ ಸಂಬಂಧ ತಪ್ಪಿಹೋಯಿತು, ಒಬ್ಬ ಮನುಷ್ಯನ ಕೆಲಸವೂ ಹೋಯಿತು. ಅದಾಗಿ ಎಷ್ಟೋ ಕಾಲ ನಾನು ಆ ಸಾಲನ್ನು ಒಮ್ಮೆಯೂ ನೆನೆದಿರಲಿಲ್ಲ.

ಸದರಿಯವರು ಕಾಗದದ ಕೆಳಗಿನ ಎಡಮೂಲೆ ತೋರಿಸಿದರು. ಟೈಪ್ ಮಾಡಿದವರು ಹಾಕುವ ಎರಡಕ್ಷರ ಅಲ್ಲಿತ್ತು. ನನ್ನವೇ.

“ಈ ಎರಡಕ್ಷರ ಯಾರವು ಅಂತ—” ಎಂದವರು ನನ್ನ ಮುಖ ನೋಡಿದರು. ನಾನು ಇನ್ನೂ ತುಟಿ ಬಿಚ್ಚಿರಲಿಲ್ಲ. “ಗೊತ್ತಿಲ್ಲ ಅಂತೀರಿ. ಬಿಡ್ರಿ.”

ಅವರ ಮಾತು ಮುಗಿದ ಮೇಲೆ ನನ್ನ ಬಾಯಿಯಿಂದ “ಗೊತ್ತಿಲ್ರಿ” ಎಂದು ಬಂತು. ಅವರು ಆಗಲೇ ತಲೆಯಾಡಿಸಿ ಆಗಿತ್ತು. ನಾನು ಕಾಗದವನ್ನು ಯಂತ್ರಕ್ಕೆ ಕೊಟ್ಟೆ. ಪ್ಲಾಸ್ಟಿಕ್ಕು ಕರಗಿ, ಆ ಸಾಲು ಇನ್ನೆಂದೂ ಅಳಿಸಲಾಗದಂತೆ ಒಳಗೆ ಕುಳಿತಿತು.

ಅದಾದ ಕೆಲವು ತಿಂಗಳಿಗೆ ಸಂಡೂರಿನ ಒಂದು ಗುಜರಿಯಲ್ಲಿ ಅವರಿಗೆ ಆ ಯಾರ್ಡಿನ ಕ್ಯಾಬಿನ್ನಿನ ಸಾಮಾನು ಸಿಕ್ಕಿತು. ಅದೇ ಕ್ಯಾಮರಾ, ಚಿತ್ರ ಸಾಗಿಸುವ ಅದೇ ಪೆಟ್ಟಿಗೆ, ಅದೇ ಪರದೆ. ಮೂಲೆಯಲ್ಲಿ ಕೆಂಪು ಧೂಳು ಇನ್ನೂ ಇತ್ತು. ಕ್ಯಾಮರಾವನ್ನು ಅಂಗಡಿಯ ಮೇಲಿನ ಮೂಲೆಯಲ್ಲಿ, ಅಲ್ಲಿದ್ದ ಹಾಗೆಯೇ ಕೆಳಮುಖವಾಗಿ ಕೂರಿಸಿದರು. ಬಾಗಿಲಿನಿಂದ ಅವರ ಕುರ್ಚಿಯವರೆಗೆ ಎಲ್ಲವೂ ಪರದೆಯಲ್ಲಿ ಕಾಣುತ್ತಿತ್ತು. ನನ್ನನ್ನು ಸಾಕ್ಷಿಯಾಗಿ ಕರೆದರು.

ನಾನು ಬಾಗಿಲು ದಾಟಿ ಒಳಗೆ ಹೋಗಿ ಪರದೆಯ ಮುಂದೆ ನಿಂತೆ. ಪರದೆಯಲ್ಲಿ, ನನ್ನ ಹಿಂದಿನ ಬಾಗಿಲಲ್ಲಿ, ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂಬಂತೆ ಚೌಕಟ್ಟಿಗೆ ಕೈಯಾನಿಸಿ ನಿಂತಿದ್ದಳು. ಯಾರೋ ಬಂದರೆಂದು ತಿರುಗಿ ನೋಡಿದೆ. ಬಾಗಿಲು ಖಾಲಿ. ಮತ್ತೆ ಪರದೆ ನೋಡಿದೆ. ಆ ಹೆಂಗಸು ಈಗ ಒಳಗೆ ಬರುತ್ತಿದ್ದಳು. ನನ್ನದೇ ಸೀರೆ. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

“ಬಂದ್ರಾ?” ಎಂದು ಸದರಿಯವರು ಕೇಳಿದ್ದು ನನ್ನನ್ನಲ್ಲ, ಪರದೆಯಲ್ಲಿದ್ದವಳನ್ನು.

ಬೆರಳೆಣಿಸಿ ‘ಒಂದು, ಎರಡು’ ಎನ್ನುವಷ್ಟು ತಡ. ಪಾಟಿಯಲ್ಲಿ ಗೆರೆ ಹಿಡಿಸಲಿಲ್ಲ, ಅಳಿಸಿ ಅಳಿಸಿ ಬರೆದರು. ಅವರ ಬೆರಳಿನ ಗೆರೆಗಳನ್ನು ಪಕ್ಕದಲ್ಲಿಟ್ಟರೆ ಅವು ಆನೆಯ ಮುಂದಿನ ಇರುವೆ. ನನ್ನ ಎದೆಯ ಭಾರ ಇಳಿಯಿತೆಂದೇ ತಿಳಿದೆ. “ನೋಡ್ರಿ, ಪರದಿದೇ ತಡ. ನಿಮ್ಮ ಕೈದು ಅಲ್ವೇ ಅಲ್ಲ. ನೀವೇ ಅಳದೀರಿ. ಇನ್ನ ಬಿಟ್ಟುಬಿಡ್ರಿ” ಎಂದೆ.

ಸದರಿಯವರು ಪಾಟಿ ನೋಡಿದರು. ಬಳಿಕ ಗೋಡೆಯ ಮೊಳೆಗೆ ತೂಗುಹಾಕಿದ್ದ, ನಾನೇ ಲ್ಯಾಮಿನೇಷನ್ ಮಾಡಿದ ಕಾಗದವನ್ನು ನೋಡಿದರು.

“ಇಷ್ಟು ತಡ ಇದ್ದದ್ದು ಅವರಿಗೆ ಗೊತ್ತಿರಲಿಲ್ಲೇನ್ರಿ? ಗೊತ್ತಿದ್ದೇ ಕ್ಯಾಮರಾ ನೋಡ್ರಿ ಅಂತ ಬರದಾರ. ಅದು ಗೊತ್ತಿದ್ದೂ ಚಾಲಕನ ವಿಳಂಬ ಅಂತಾರಂದ್ರ, ಇನ್ನೇನೋ ಕಂಡಿರಬೇಕು. ಕಾಗದ ಬರದೋರು ತಿಳದೋರು, ಸುಮ್ಮಸುಮ್ಮನ ಬರಿಯಂಗಿಲ್ಲ. ಅವತ್ತಿನ ನನ್ನ ಬೆರಳು ನಾ ಅಳದಿಲ್ಲಲ್ಲ ಅಕ್ಕಾರ. ಇವತ್ತಿಂದು ಅಳದೀನಿ.”

ತಮ್ಮ ಕೈಯಾರೆ ಅಳೆದ ಸತ್ಯಕ್ಕಿಂತ ನನ್ನ ಒಂದು ‘ಕ’ವನ್ನು ಅವರು ಹೆಚ್ಚು ನಂಬಿದರು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ಸಮಜಾಯಿಷಿ ನನ್ನ ಬಳಿ ಇಲ್ಲ. ಹೆದರಿದೆ ಎಂಬುದಷ್ಟೇ ನಿಜ. ಗೋಡೆಯ ಆಚೆ ಟಕ್, ಟಕ್ ಮತ್ತೆ ಶುರುವಾಯಿತು. ಈಗ ಬಿಳಿ ಚೌಕದ ಆಟ ಆ ಹಳೆಯ ಪರದೆಯ ಪಕ್ಕದಲ್ಲೇ ನಡೆಯುತ್ತಿತ್ತು. ಆಡುವವರು ಕಡಿಮೆಯಾದರು. ತಾವು ಎದ್ದು ಬಾಗಿಲಿಗೆ ಬಂದ ಮೇಲೂ ಪರದೆಯಲ್ಲಿ ತಾವು ಒಳಗೇ ಕುಳಿತಿರುವುದನ್ನು ನೋಡಿ ಯಾರಿಗೆ ತಾನೇ ಸೇರುತ್ತದೆ?

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಇಂದು ಹೇಳಿಯೇ ಬಿಡಬೇಕೆಂದು ನಿರ್ಧರಿಸಿ, ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸುತ್ತ ನನ್ನ ಅಂಗಡಿಯಲ್ಲಿ ಕುಳಿತಿದ್ದೆ. ಮೊದಲ ವಾಕ್ಯ ಕೂಡ ಸಿದ್ಧವಾಗಿರಲಿಲ್ಲ. ಸದರಿಯವರು ಬಾಗಿಲಿಗೆ ಬಂದು ನಿಂತರು.

“ಹೋಗ್ಲಿ ಬಿಡ್ರಿ ಅಕ್ಕಾರ” ಎಂದರು.

“ಏನ್ರಿ?”

ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಏನಿಲ್ಲ ತಗೋರಿ. ಕೆಲಸ ಮಾಡ್ರಿ.” ಹಾಗೆಂದು ತಮ್ಮ ಅಂಗಡಿಗೆ ಹೋದರು.

ಯಾವುದಕ್ಕೆ ‘ಹೋಗಲಿ’ ಎಂದರು? ಪತ್ರವೇ ಬಾರದೆ ಉತ್ತರ ಬಂದರೆ ಅದನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಮೂರನೆಯ ದಿನ ಮಧ್ಯಾಹ್ನ ಟಕ್, ಟಕ್ ಶಬ್ದ ನಿಂತಿತು. ನಾನು ಅದರ ಲಯದಲ್ಲಿ ಇನ್ನೂ ಅರ್ಧ ಪುಟ ಟೈಪ್ ಮಾಡಿದ ಮೇಲೆ, ನಿಂತಿದೆಯೆಂದು ನನಗೆ ಗೊತ್ತಾಯಿತು. ಎದ್ದು ಹೋಗಿ ನೋಡಿದಾಗ ಕುರ್ಚಿಯಲ್ಲಿ ತಲೆ ವಾಲಿಸಿದ್ದರು. ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು.

ಹನ್ನೊಂದನೆಯ ದಿನದ ಕಾರ್ಯ ಬುಕ್ಕಸಾಗರದಲ್ಲಿ ಮುಗಿದ ಮೇಲೆ ಅವರ ಹೆಂಡತಿ ಅಂಗಡಿಗೆ ಬಂದಿದ್ದರು. ಷಟರ್ ಅರ್ಧ ಎತ್ತಿತ್ತು. ಒಳಗೆ ಹೋದೆ. ಆಕೆ ಆ ಕುರ್ಚಿಯಲ್ಲಿಯೇ ಕುಳಿತಿದ್ದರು. ಎಲ್ಲ ಟಿವಿಗಳೂ ಆರಿದ್ದವು. ಆ ಹಳೆಯ ಪರದೆಯೊಂದು ಮಾತ್ರ ಉರಿಯುತ್ತಿತ್ತು.

“ಇದನ್ನ ಆರಿಸಬೇಕಿತ್ತಲ್ರಿ” ಎಂದೆ.

“ಆರಿಸಿಲ್ರಿ. ಅವತ್ತಿಂದ ಹಂಗ ಬಿಟ್ಟೀನಿ” ಎಂದರು ಆಕೆ, ಪರದೆಯಿಂದ ಕಣ್ಣು ತೆಗೆಯದೆ. “ಇದರಾಗ ಎಲ್ಲಾ ತಡ ಆಗಿ ಬರ್ತೈತಿ ಅಂತಿದ್ರು ಅವರು. ಆರಿಸಿದ ಮ್ಯಾಲೆ ಬಂದ್ರ?”

ನಿಂತಲ್ಲಿಯೇ ಹೇಳಿದೆ. ಆಫೀಸು, ಕರಡು, ಮ್ಯಾನೇಜರು, ಬಿಟ್ಟ ದೀರ್ಘ, ಸೇರಿಸಿದ ಅಕ್ಷರ, ಕೆಳಗಿನ ಮೂಲೆಯ ನನ್ನ ಎರಡಕ್ಷರ. ತಪ್ಪು ಅವರ ಬೆರಳಿನದಲ್ಲ, ನನ್ನದು ಎಂದೆ. ಮಾತು ಮುಗಿಸಿ ತುಟಿ ಮುಚ್ಚಿದ ಮೇಲೂ ಪರದೆಯಲ್ಲಿ ನನ್ನ ತುಟಿ ಆಡುತ್ತಿತ್ತು.

ಆಕೆ ಅಳಲಿಲ್ಲ, ಬೈಯಲಿಲ್ಲ. “ನನಗ ಓದಾಕ ಬರಂಗಿಲ್ಲ ಅಕ್ಕಾರ. ಅದು ಹೆಂಗಿರ್ತೈತಿ, ಬರದು ತೋರಸ್ರಿ” ಎಂದರು. ಕಾಲ ಬಳಿಯಿದ್ದ ಪಾಟಿಯನ್ನೂ ಬಳಪವನ್ನೂ ನನ್ನ ಕೈಗಿತ್ತರು.

ಗೆರೆಗಳ ಗುರುತಿನ ಮೇಲೆಯೇ ದೊಡ್ಡದಾಗಿ ‘ಕ’ ಎಂದು ಬರೆದು ಕೊಟ್ಟೆ. ಆಕೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಳಪ ಹೋದ ದಾರಿಯಲ್ಲಿ ಬೆರಳಾಡಿಸಿ ನೋಡಿದರು.

“ಇಷ್ಟೇನ್ರಿ?”

“ಇಷ್ಟೇ.”

“ಇಷ್ಟ ಸಣ್ಣದು.” ಸೆರಗಿನ ತುದಿಯನ್ನು ಉಗುಳಲ್ಲಿ ಹಸಿ ಮಾಡಿ, ಒಂದೇ ಸಲಕ್ಕೆ ಒರೆಸಿದರು. ಪಾಟಿ ಕಪ್ಪಗಾಯಿತು.

ನಾವಿಬ್ಬರೂ ಏಕಕಾಲಕ್ಕೆ ತಲೆಯೆತ್ತಿದೆವು. ಪರದೆಯಲ್ಲಿ, ಆ ಕುರ್ಚಿಯಲ್ಲಿ ಕುಳಿತವರ ತೊಡೆಯ ಮೇಲೆ, ಅಕ್ಷರ ಇನ್ನೂ ಇತ್ತು.

ಇಷ್ಟನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ. ಇದರಲ್ಲಿ ಕಾಗುಣಿತದ, ವ್ಯಾಕರಣದ ತಪ್ಪುಗಳು ಖಂಡಿತ ಇರುತ್ತವೆ. ಕಂಡಲ್ಲಿ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ. ತಿದ್ದುವ ಮುನ್ನ ದಯಮಾಡಿ ಒಂದು ಸಲ ನನ್ನನ್ನು ಕೇಳಿರಿ. ನಾನು ಇಲ್ಲೇ ಇದ್ದೇನೆ, ಇನ್ನೂ ಉತ್ತರ ಕೊಡಬಲ್ಲೆ.

ತಮ್ಮ ವಿಶ್ವಾಸಿ,
ವರದಿಯನ್ನು ಟೈಪ್ ಮಾಡಿದವಳು